ಎದುರು ಹೋಟೆಲಿನವನು

ಐದು ತಿಂಗಳ ಮೇಲೆ ಖಾನಾವಳಿಯ ಬಾಗಿಲು ತೆರೆದ ದಿನ, ಮಧ್ಯಾಹ್ನ ಒಂದೂವರೆಯಾದರೂ ಒಬ್ಬ ಗಿರಾಕಿ ಹೊಸ್ತಿಲು ತುಳಿಯಲಿಲ್ಲ.

ಕುಳಗೇರಿ ಕ್ರಾಸಿನಲ್ಲಿ ಬಸ್ಸುಗಳೇನೋ ನಿಲ್ಲುತ್ತಿದ್ದವು. ಜನ ಇಳಿದು ಬೋರ್ಡು ನೋಡುತ್ತಿದ್ದರು, ಜಾರಿದ ಮಾಸ್ಕನ್ನು ಮೇಲೆಳೆದುಕೊಂಡು ಮುಂದೆ ಹೋಗುತ್ತಿದ್ದರು. ಊರವರು ಅದಕ್ಕೆ 'ಕರೋನಾ ಖಾನಾವಳಿ' ಅಂತ ಹೆಸರಿಟ್ಟಾಗಿತ್ತು. ಭುವನೇಶ್ವರಿ ಬೆಳಿಗ್ಗೆ ಬಡಿದಿಟ್ಟ ರೊಟ್ಟಿಗಳ ಮೇಲೆ ಬಟ್ಟೆ ಮುಚ್ಚಿ, ಒಲೆಯ ಮುಂದೆ ಕೈ ಕಟ್ಟಿಕೊಂಡು ಕೂತಿದ್ದಳು.

ಆಗ ರಸ್ತೆ ದಾಟಿ ನಾಗಲಿಂಗ ಬಂದ. ಎದುರಿನ ಚಹಾ-ಭಜಿ ಹೋಟೆಲು ಅವನದು. ಆರು ವರ್ಷ ಎದುರುಬದುರು ವ್ಯಾಪಾರ ಮಾಡಿದ್ದರೂ ಇಬ್ಬರೂ ಹತ್ತು ಮಾತು ಆಡಿದವರಲ್ಲ. ಅವನು ಒಳಗಿದ್ದ ಬೆಂಚನ್ನು ಎಳೆದು ಬಾಗಿಲಾಚೆ ಹಾಕಿಕೊಂಡ. ರಸ್ತೆಗೆ ಮುಖ ಮಾಡಿ ಕೂತು, ಮಾಸ್ಕ್ ತೆಗೆದು ಜೇಬಿಗಿಟ್ಟ.

"ಊಟ ಐತೇನ್ರಿ?"

"ಊಟ ಐತ್ರಿ. ಉಣ್ಣವ್ರ ಇಲ್ಲ."

"ನಾ ಬಂದೀನಲ್ಲ. ಹಾಕ್ರಿ."

ಎಣ್ಣೆಗಾಯಿ, ಶೇಂಗಾ ಹಿಂಡಿ, ಮೊಸರು. ಆರು ರೊಟ್ಟಿಯಾಯಿತು, ಏಳಾಯಿತು. ಹಿಂಡಿಯ ಖಾರಕ್ಕೆ ಅವನ ಹಣೆಯ ಮೇಲೆ ಬೆವರು ಸಾಲುಗಟ್ಟಿತು, ಕಿವಿ ಕೆಂಪಾದವು.

"ಸಾಕ ಮಾಡ್ರಿ. ಹೊಟ್ಟಿ ಒಡದೀತು," ಅಂದಳು ಭುವನೇಶ್ವರಿ.

"ಇನ್ನ ಎರಡು ಹಾಕ್ರಿ. ಬದಾಮಿ ಬಸ್ ಬರೂ ಹೊತ್ತಾತು. ನಾ ಉಂಡೂ ಜೀವಂತ ಇರೋದು ನಾಕ ಮಂದಿ ನೋಡ್ಲಿ."

ಬಸ್ಸು ಬಂತು. ಅವನ ತಿನ್ನುವ ರಭಸ ನೋಡಿ ಇಬ್ಬರು ಇಳಿದರು, ಅನುಮಾನಿಸುತ್ತಲೇ ಕೂತರು, ಉಂಡರು. ನಾಗಲಿಂಗ ಕೈ ತೊಳೆದು, ಗೆದ್ದವನಂತೆ ಅವಳ ಕಡೆ ನೋಡಿದ. ಬೇರೆ ಯಾವ ಹೆಣ್ಣಾಗಿದ್ದರೂ ಆ ನೋಟಕ್ಕೆ ನಕ್ಕುಬಿಡುತ್ತಿದ್ದಳು.

ಭುವನೇಶ್ವರಿ ನಗಲಿಲ್ಲ. ಅವಳ ಅವ್ವನನ್ನು ಒಯ್ಯಿಸಿದ ಫೋನು ಇವನದೇ ಅಂತ ಅವಳಿಗೆ ಗೊತ್ತಿತ್ತು.

ಆ ವರ್ಷದ ಮೇ ತಿಂಗಳು, ಎರಡನೆಯ ಅಲೆಯ ದಿನಗಳು. ಹೋಟೆಲುಗಳಿಗೆ ಪಾರ್ಸಲ್ ಮಾತ್ರ ಕೊಡುವ ಅನುಮತಿ. ರೊಟ್ಟಿ ಊಟದ ಪಾರ್ಸಲ್ ಹೋಗುತ್ತಿತ್ತು. ಭಜಿಯನ್ನು ಯಾರು ಕಟ್ಟಿಸಿಕೊಂಡಾರು? ಎದುರು ಹೋಟೆಲಿನ ಒಲೆ ಆರಿಹೋಗಿತ್ತು. ಅಂಥದರಲ್ಲಿ ಅವ್ವ ಬಸಲಿಂಗವ್ವನಿಗೆ ಜ್ವರ ಬಂತು. ಜ್ವರದಲ್ಲೂ ಆಕೆ ರೊಟ್ಟಿ ಬಡಿಯುವುದು ಬಿಡಲಿಲ್ಲ. ಭುವನೇಶ್ವರಿ ಗುಳಿಗೆ ತರಲು ಬದಾಮಿಗೆ ಹೋಗಿ ಬರುವಷ್ಟರಲ್ಲಿ ಖಾನಾವಳಿಗೆ ಸೀಲು ಬಿದ್ದಿತ್ತು, ಅವ್ವ ಇರಲಿಲ್ಲ. ಅಂಬುಲೆನ್ಸ್ ಎಲ್ಲಿಗೆ ಹೋಯಿತು ಅಂತ ಹೇಳುವವರಿರಲಿಲ್ಲ. ಎರಡು ದಿನ ಅವಳು ಒಂದು ಕೋವಿಡ್ ಕೇಂದ್ರದಿಂದ ಇನ್ನೊಂದಕ್ಕೆ ಅಲೆದಳು. ಎಲ್ಲ ಕಡೆ ಒಂದೇ ಮಾತು: ಬಸಲಿಂಗವ್ವ ಅನ್ನುವವರು ಇಲ್ಲಿಲ್ಲ.

ಮೂರನೆಯ ದಿನ, ಮೊದಲೇ ಕೇಳಿ ಬಂದಿದ್ದ ಒಂದು ಕಡೆ, ರಿಜಿಸ್ಟರನ್ನೇ ಅವಳತ್ತ ತಿರುಗಿಸಿದರು. ಹೆಸರಿನ ಜಾಗದಲ್ಲಿ 'ಮುದುಕಿ, ಕುಳಗೇರಿ ಕ್ರಾಸ್' ಅಂತಿತ್ತು. ಉಸಿರಿಗೆ ಒದ್ದಾಡುವವಳನ್ನು ಹೆಸರು ಕೇಳುವ ವ್ಯವಧಾನ ಆಗ ಯಾರಿಗಿತ್ತು! ಪಕ್ಕದಲ್ಲಿ ಮಾಹಿತಿ ಕೊಟ್ಟವರ ಮೊಬೈಲ್ ನಂಬರಿತ್ತು. ಆ ನಂಬರು ಅವಳಿಗೆ ಬಾಯಿಪಾಠ. ಆರು ವರ್ಷದಿಂದ ಎದುರು ಬೋರ್ಡಿನ ಮೇಲೆ ಗೇಣುದ್ದದ ಅಂಕಿಗಳಲ್ಲಿ ಅದನ್ನೇ ನೋಡಿದ್ದಳು. ಸಾಲಿನ ಕೊನೆಯಲ್ಲಿ, ಕೆಂಪು ಮಸಿಯಲ್ಲಿ, ಹಿಂದಿನ ಸಂಜೆಯ ತಾರೀಖು. ಅವ್ವ ಮಣ್ಣಿಗೂ ಹೋಗಿಯಾಗಿತ್ತು.

ಅದಕ್ಕೇ ನಾಗಲಿಂಗ "ನಾಳಿ ಮತ್ತ ಬರ್ತೇನ್ರಿ" ಅಂದಾಗ ಅವಳು ತಲೆಯಾಡಿಸಿದ್ದು. ಬರಲಿ. ಮುಳುಗಿಸಿದವನ ಹೆಗಲೇರಿಯೇ ಖಾನಾವಳಿ ದಡ ಸೇರಲಿ. ಸೇರಿದ ಮೇಲೆ ಅವನನ್ನು ನೀರಿಗೆ ನೂಕಿದರಾಯಿತು.

ಅವನು ದಿನಾ ಬಂದ. ಉಂಡು ಹೋಗುವವನು ಉಪಾಯ ಹೇಳುವವನಾದ.

"ಜನಕ್ಕ ಅಂಜಿಕಿ ಇರೋದು ಒಳಗ ಏನ್ ನಡದೈತಿ ಅನ್ನೂದು ಕಾಣವಲ್ದು ಅಂತ. ಕಾಣೂಹಂಗ ಮಾಡಿದ್ರ ಆತು."

"ಅಂದ್ರ?"

"ಈ ಅಡಗಿಮನಿ ಗ್ವಾಡಿ ತಗಿಯೋಣ್ರಿ. ರಸ್ತೆದಾಗ ನಿಂತಾಂವಗೂ ನಿಮ್ಮ ಕೈ, ಹಂಚು, ರೊಟ್ಟಿ ಕಾಣಬೇಕು."

ಸುತ್ತಿಗೆ ಹಿಡಿದು ಎರಡು ದಿನ ಅವನೇ ಒಡೆದ. ಬೇವಿನ ಮರದ ಕೆಳಗೆ ದೂರದೂರಕ್ಕೆ ಟೇಬಲ್ ಹಾಕಿದ. ಹದಿನಾರು ನಮೂನೆಯ ಊಟ ತೆಗೆದು ಒಂದೇ ಊಟ ಇಡೋಣ, ಬಿಸಿಯಿರಲಿ ಅಂದ. ಪಟ್ಟದಕಲ್ಲಿನ ಗೈಡುಗಳಿಗೆ ಫೋನ್ ಹಚ್ಚಿ, ಪ್ರವಾಸಿಗಳು ಹೊರಡುವಾಗಲೇ ಎಷ್ಟು ಜನ ಅಂತ ಹೇಳುವ ಏರ್ಪಾಡು ಮಾಡಿದ. ತಿಂಗಳಾದರೂ ಕೆಡದ ಕಡಕ್ ರೊಟ್ಟಿಯನ್ನು ಪ್ಯಾಕ್ ಮಾಡಿ ಬಾಗಲಕೋಟೆ, ಹುನಗುಂದದ ಅಂಗಡಿಗಳಿಗೆ ಬಸ್ಸಿನಲ್ಲಿ ಕಳಿಸಿದ. ಲಾಕ್‌ಡೌನಿನಲ್ಲಿ ಬಳೆ ವ್ಯಾಪಾರ ಕಳೆದುಕೊಂಡಿದ್ದ ಅಮೀನಬಿ ರೊಟ್ಟಿ ಬಡಿಯಲು ಬಂದಳು. ಪ್ಯಾಕಿಂಗಿಗೆ ಜಾಗ ಸಾಲದಾದಾಗ ನಾಗಲಿಂಗ ತನ್ನ ಹೋಟೆಲನ್ನೇ ಖಾಲಿ ಮಾಡಿ ಕೊಟ್ಟ. ಲೈಸೆನ್ಸ್ ಅವಳದಾದ್ದರಿಂದ ಎರಡೂ ಕಟ್ಟಡದ ಬಾಡಿಗೆ ಕರಾರು ಅವಳ ಹೆಸರಿಗೇ ಆಯಿತು. ಅವನು ಓದಿಯೂ ನೋಡದೆ ಸಹಿ ಹಾಕಿದ.

ಅವಳು ಆಗಾಗ ಅವನನ್ನು ಚುಚ್ಚುತ್ತಿದ್ದಳು.

"ನಮ್ಮವ್ವನ್ನ ಒಯ್ದ ದಿನ ನೀವು ಎಲ್ಲಿದ್ರಿ?"

"ಹೋಟೆಲ್ದಾಗ ಇದ್ನಿ."

"ಏನೂ ನೋಡ್ಲಿಲ್ಲ?"

"ಇಲ್ರಿ."

ಮಾಸ್ಕಿನ ಮೇಲೆ ಕಾಣುವ ಅವನ ಕಣ್ಣುಗಳು ತಟ್ಟನೆ ನೆಲ ಹಿಡಿಯುತ್ತಿದ್ದವು. ಆ ಒದ್ದಾಟ ನೋಡುವುದು ಅವಳಿಗೆ ರುಚಿ ಹತ್ತಿತು. ಇವತ್ತು ಹೇಳುತ್ತಾನೆ, ನಾಳೆ ಹೇಳುತ್ತಾನೆ ಅಂತ ಕಾದಳು. ಅವನು ಹೇಳಲಿಲ್ಲ. ಆದರೆ ಆ ಕಣ್ಣುಗಳನ್ನು ದಿನಾ ಓದಿ ಓದಿ ಅವಳಿಗೆ ಬೇರೇನೋ ಅಭ್ಯಾಸವಾಯಿತು. ಅವನು ನಗುವಾಗ ಎಡಗಣ್ಣು ಮೊದಲು ಕಿರಿದಾಗುತ್ತದೆ. ದಣಿದಾಗ ರೆಪ್ಪೆ ಭಾರವಾಗುತ್ತದೆ. ಅವಳು ಹಂಚಿನ ಮುಂದೆ ಬಗ್ಗಿದಾಗ ಆ ನೋಟ ಬಂದು ಅವಳ ಕಿವಿಯ ಹಿಂದೆ, ಜಡೆಯ ಬುಡದಲ್ಲಿ ನಿಲ್ಲುತ್ತದೆ.

"ಏನ್ ನೋಡ್ತೀರಿ?"

"ಹಣಿಗೆ ಹಿಟ್ಟು ಹತ್ತೈತ್ರಿ."

"ಹತ್ತಿರ್ಲಿ ಬಿಡ್ರಿ. ನಿಮಗೇನ್ ತ್ರಾಸು?"

"ಒರಸ್ಕೊಂಡ್ರ ನನಗ ತ್ರಾಸು. ನೋಡಾಕ ನೆವ ಇರೂದಿಲ್ಲ."

ಅಮೀನಬಿ ಸೆರಗು ಬಾಯಿಗಿಟ್ಟು ನಕ್ಕಳು. ಭುವನೇಶ್ವರಿ ರೊಟ್ಟಿ ಬಡಿದಳು, ಬೇಕಾದ್ದಕ್ಕಿಂತ ಜೋರಾಗಿ.

ಜನವರಿಯಲ್ಲಿ ಮೂರನೆಯ ಅಲೆ ಬಂತು. ಶನಿವಾರ, ಭಾನುವಾರ ಕರ್ಫ್ಯೂ. ಪ್ರವಾಸಿಗಳು ನಿಂತರು; ಕಡಕ್ ರೊಟ್ಟಿ ಮಾತ್ರ ನಿಲ್ಲಲಿಲ್ಲ, ಖಾನಾವಳಿಯ ಉಸಿರು ಉಳಿಸಿದ್ದು ಅದೇ. ಆ ವಾರವೇ ನಾಗಲಿಂಗನಿಗೆ ಜ್ವರ ಬಂತು. ಅವನು ತನ್ನ ಹಳೆಯ ಹೋಟೆಲಿನ ಹಿಂದಿನ ಖೋಲಿಗೆ ಸೇರಿ ಒಳಗಿನಿಂದ ಚಿಲಕ ಹಾಕಿಕೊಂಡ.

ಭುವನೇಶ್ವರಿಯ ಕೈಯಲ್ಲಿ ಮೊಬೈಲಿತ್ತು. ಅವನನ್ನೂ ಒಯ್ಯಿಸಲು ಒಂದು ಫೋನು ಸಾಕಿತ್ತು. ಅವಳು ಮೊಬೈಲನ್ನು ಹಿಟ್ಟಿನ ಡಬ್ಬಿಯ ಹಿಂದಿಟ್ಟು, ಗಂಜಿ ಕಾಸಿಕೊಂಡು ರಸ್ತೆ ದಾಟಿದಳು.

"ಬರಬ್ಯಾಡ್ರಿ! ಅಲ್ಲೇ ಇಟ್ಟು ಹೋಗ್ರಿ!" ಅವನು ಒಳಗಿನಿಂದ ಕೂಗಿದ.

"ಉಸರಾಡು," ಅಂದಳು ಅವಳು. ಮೊದಲ ಸಲ 'ನೀವು' ಬಿಟ್ಟುಹೋಗಿತ್ತು. "ಜೋರಾಗಿ ಉಸರಾಡು, ನಾಗಲಿಂಗ. ನನಗ ಕೇಳಸಬೇಕು."

ಬಾಗಿಲಿನಾಚೆ ಅವನು ಉಸಿರೆಳೆದ, ಬಿಟ್ಟ. ಮತ್ತೆ ಎಳೆದ. ಅವಳು ಹಲಗೆಗೆ ಕಿವಿ ಹಚ್ಚಿ ಕೂತಳು. ಎಂಟು ದಿನ, ದಿನಕ್ಕೆ ಮೂರು ಸಲ ಹಾಗೇ ಕೂತಳು. ಒಂಬತ್ತನೆಯ ದಿನ ಅವನು ಬಾಗಿಲು ತೆರೆದಾಗ ಗಡ್ಡ ಬೆಳೆದಿತ್ತು, ಕೆನ್ನೆ ಒಳಗೆ ಹೋಗಿತ್ತು. ಅವಳು ಅತ್ತಳು. ಅವನನ್ನು ನೀರಿಗೆ ನೂಕುವ ಶಕ್ತಿ ತನ್ನಲ್ಲಿ ಉಳಿದಿಲ್ಲ ಅಂತ ಆ ಹೊತ್ತು ಅವಳಿಗೆ ಗೊತ್ತಾಯಿತು.

ಆಮೇಲೆ ಅವಳು ಅವನನ್ನು ಚುಚ್ಚಲಿಲ್ಲ. ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಜ್ವರ ಇದ್ದದ್ದು ನಿಜ, ಯಾರಾದರೂ ತಿಳಿಸಲೇಬೇಕಿತ್ತು. 'ಮುದುಕಿ' ಅಂತ ಬರೆದವನು ಯಾವನೋ ಅವಸರದ ಗುಮಾಸ್ತ. ನಾಗಲಿಂಗ ಅವ್ವನ ಹೆಸರು ಹೇಳಿಯೇ ಇರುತ್ತಾನೆ. ಅವ್ವ ದಿನಾ "ತಮ್ಮಾ, ಉಂಡ್ಯೇನಪಾ?" ಅಂತ ರಸ್ತೆಯಾಚೆಯಿಂದ ಕೇಳುತ್ತಿದ್ದವಳು, ಆ ಹೆಸರು ಹೇಳದೆ ಹೇಗಿದ್ದಾನು? ಈ ನಂಬಿಕೆಯ ಮೇಲೆ ಅವಳು ಅವನನ್ನು ಕ್ಷಮಿಸಿದಳು. ಅವನು ಹೇಳುವುದೂ ಬೇಡ, ನಾನು ಕೇಳುವುದೂ ಬೇಡ ಅಂದುಕೊಂಡಳು.

ಜೂನಿನಲ್ಲಿ ಅವನು ಮದುವೆಯ ಮಾತೆತ್ತಿದ. ಅವಳು ಹೂಂ ಅಂದಳು. ಸೋಮವಾರ ಇಬ್ಬರೂ ಶಿವಯೋಗ ಮಂದಿರಕ್ಕೆ ಹೋಗಿ, ಮಧ್ಯಾಹ್ನ ಮಲಪ್ರಭೆಯ ದಂಡೆಗೆ ಬಂದು ಕೂತರು. ನೀರು ಕಡಿಮೆಯಿತ್ತು. ಅವನು ಅವಳ ಬೆರಳುಗಳನ್ನು ಒಂದೊಂದಾಗಿ ಹಿಡಿದು ನೋಡುತ್ತಿದ್ದ. ಹಂಚಿನ ಸುಟ್ಟ ಗುರುತುಗಳ ಮೇಲೆ ಅವನ ಹೆಬ್ಬೆರಳು ಮೆಲ್ಲಗೆ ಆಡಿತು.

"ಭುವನಾ, ಒಂದ್ ಮಾತು ಹೇಳಬೇಕು."

ಅವಳು ಮಾತನ್ನು ಅಲ್ಲೇ ತಡೆದಳು. "ಬ್ಯಾಡ."

"ಏನಂತ ಕೇಳದನ ಬ್ಯಾಡ ಅಂತೀ?"

"ಎಂದೂ ಬ್ಯಾಡ. ನಡಿ, ಬಸ್ ತಪ್ಪತೈತಿ."

"ಹೇಳದ ತಾಳಿ ಕಟ್ಟಿದ್ರ ನನಗ ನಿದ್ದಿ ಬರೂದಿಲ್ಲ ಭುವನಾ." ಅವನು ನೀರಿನ ಕಡೆ ನೋಡುತ್ತ ಹೇಳಿದ. "ಅವತ್ತ ಫೋನ್ ಮಾಡಿದಾಂವ ನಾನ. ನಿಮ್ಮ ಪಾರ್ಸಲ್ ನಡದಿತ್ತು, ನಂದು ನಿಂತಿತ್ತು. ಹೊಟ್ಟಿಕಿಚ್ಚು. ಮ್ಯಾಲ ಮಂದಿಗೆ ಒಳ್ಳೇದಾಗತೈತಿ ಅಂತ ನನಗ ನಾನ ಸುಳ್ಳು ಹೇಳಕೊಂಡ್ನಿ."

"ಗೊತ್ತೈತಿ," ಅಂದಳು.

ಅವನು ಬಿಟ್ಟ ಬಾಯಿ ಬಿಟ್ಟಂತೆ ನೋಡಿದ. "ಯಾವಾಗಿಂದ?"

"ನೀ ಒಂಬತ್ತು ರೊಟ್ಟಿ ಉಂಡ ದಿನಕ್ಕಿಂತ ಮೊದಲ."

"ಗೊತ್ತಿದ್ದೂ ನನ್ನ..." ಅವನ ಮುಖದ ಮೇಲೆ ಬೆಳಕು ಹತ್ತಿತು. ಅತ್ತ, ಅಳುತ್ತಲೇ ನಕ್ಕ, ಅವಳ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡ. ಅವಳು ಅಲ್ಲಿಗೆ ಸುಮ್ಮನಾಗಬಹುದಿತ್ತು. ಆದರೆ ಮಾತು ಶುರುವಾಗಿತ್ತು. ತನ್ನ ಕ್ಷಮೆಗೆ ಆಧಾರವಾಗಿದ್ದ ಒಂದೇ ಒಂದು ನಂಬಿಕೆಯನ್ನು ಅವನ ಬಾಯಿಂದಲೇ ಕೇಳಿ ಗಟ್ಟಿ ಮಾಡಿಕೊಳ್ಳಬೇಕೆನಿಸಿತು.

"ಫೋನಿನ್ಯಾಗ ಅವ್ವನ ಹೆಸರು ಹೇಳಿದ್ಯಲ್ಲ?"

ಅವನು ಸುಳ್ಳು ಹೇಳಬಹುದಿತ್ತು. ಆದರೆ ಆ ದಿನ ನಿಜ ಹೇಳುವುದೆಂದು ಹೊರಟು ಬಂದಿದ್ದ.

"ಇಲ್ಲ. ಕ್ರಾಸಿನ್ಯಾಗ ಒಬ್ಬಾಕಿ ಮುದುಕಿ ಅದಾಳ, ಜ್ವರ ಬಂದೈತಿ, ಒಯ್ರಿ ಅಂದ್ನಿ."

"ಅವರು ಹೆಸರು ಕೇಳಲಿಲ್ಲ?"

"ಕೇಳಿದ್ರು." ಅವನ ದನಿ ಇಳಿಯಿತು. "ಗೊತ್ತಿಲ್ಲ ಅಂದ್ನಿ. ಹೆಸರು ಹೇಳಿದ್ರ ಗುರ್ತಿನಾಂವ ಅಂತ ಗೊತ್ತಾಗ್ತಿತ್ತು. ಅಂಜಿದ್ನಿ."

ಅವಳು ಕೈ ಬಿಡಿಸಿಕೊಂಡಳು. ಎರಡು ದಿನ ತಾನು ಅಲೆದದ್ದನ್ನು, 'ಬಸಲಿಂಗವ್ವ' ಅಂತ ಪ್ರತಿ ಗೇಟಿನಲ್ಲಿ ಕೂಗಿದ್ದನ್ನು, ರಿಜಿಸ್ಟರಿನ ಆ ಸಾಲನ್ನು ಒಂದೊಂದಾಗಿ ಹೇಳಿದಳು. ಅದು ಅವನಿಗೆ ಗೊತ್ತಿರಲಿಲ್ಲ. ಕೇಳುತ್ತ ಕೇಳುತ್ತ ಅವನ ಮುಖ ಬೂದಿಯಾಯಿತು.

"ಆಕಿ ಅಲ್ಲೇ ಇದ್ಲು, ನಾಗಲಿಂಗ. ಮೊದಲನೇ ದಿನ ನಾ ಹೋಗಿ ಕೇಳಿದ ಕಟ್ಟಡದಾಗನ ಇದ್ಲು. ಗೇಟಿನಾಂವ ಅಂಥ ಹೆಸರಿಲ್ಲ ಅಂದ. ನಾ ತಿರುಗಿ ಬಂದ್ನಿ."

ಅವನು ಕೇಳಿದ: "ಹಂಗಾರ ನಾ ಹೇಳಬಾರದಾಗಿತ್ತೇನು?"

"ಮೊದಲನೇ ದಿನ ಹೇಳಿದ್ರ ಬೈದು, ಬಡದು, ಎಂದರ ಒಂದಿನ ಮಾಫಿ ಮಾಡ್ತಿದ್ನೇನೋ. ಇವತ್ತೂ ಹೇಳದ ಇದ್ದಿದ್ರ ನಿನ್ನ ಹೇಂತಿ ಆಗಿ ಬಾಳೇ ಮಾಡ್ತಿದ್ನಿ. ನೀ ನಿನ್ನ ಎದಿ ಹಗುರ ಮಾಡ್ಕೊಂಡಿ. ನನ್ನ ಎದಿ ಏನಾದೀತು ಅಂತ ಕೇಳ್ಲಿಲ್ಲ."

"ನನ್ನ ಪ್ರೀತಿ ಖರೆ ಐತಿ, ಭುವನಾ."

"ನಂದೂ ಖರೆ. ಅದಕ್ಕ ನಿನ್ನ ಮುಖಾ ನೋಡಾಕ ಆಗವಲ್ದು."

ಅವನು ತಲೆ ತಗ್ಗಿಸಿ, ಕೇಳಲಾರದೆ ಕೇಳಿದ: "ಖಾನಾವಳಿ...?"

"ಅದು ನನ್ನ ಹೆಸರಿನ್ಯಾಗ ಐತಿ," ಅಂದಳು. ಮಾತು ಇಷ್ಟು ತಣ್ಣಗೆ ಬಂದೀತು ಅಂತ ಅವಳಿಗೇ ಗೊತ್ತಿರಲಿಲ್ಲ. ಎದ್ದು ನಡೆದಳು. ಬಸ್ಸಿಗೆ ಒಬ್ಬಳೇ ಹತ್ತಿದಳು.

ಆ ಗುರುವಾರ ಪಟ್ಟದಕಲ್ಲಿಗೆ ಹೊರಟಿದ್ದ ನಲವತ್ತು ಜನರ ತಂಡವೊಂದು ಬೇವಿನ ಮರದ ಕೆಳಗೆ ಊಟಕ್ಕೆ ಕೂತಿತ್ತು. ರಸ್ತೆಯಾಚೆ ಒಂದು ಟೆಂಪೊ ನಿಂತಿತ್ತು. ನಾಗಲಿಂಗ ಇಳಕಲ್ಲಿನ ಯಾವುದೋ ಕ್ಯಾಂಟೀನಿನಲ್ಲಿ ಭಜಿ ಕರಿಯುವ ಕೆಲಸಕ್ಕೆ ಹೊರಟಿದ್ದ. ಹಾಸಿಗೆ, ಬಾಣಲೆ, ಒಂದು ಟ್ರಂಕು. ಅಷ್ಟನ್ನು ಏರಿಸಿ, ಏರಿಸಿದ ಮೇಲೂ ರಸ್ತೆಯ ಅಂಚಿನಲ್ಲಿ ನಿಂತೇ ಇದ್ದ.

ಭುವನೇಶ್ವರಿ ತಲೆ ಎತ್ತದೆ ರೊಟ್ಟಿ ಬಡಿಯುತ್ತಿದ್ದಳು.

"ಬೇಟಿ," ಅಂದಳು ಅಮೀನಬಿ, "ಹೊಂಟಾನ. ಒಮ್ಮೆ ತಿರುಗಿ ನೋಡು. ಅಷ್ಟಕ್ಕೇನ್ ಹೋಗತೈತಿ?"

"ನೋಡಿದ್ರ ಕರೀತೇನಿ, ಅಮೀನಬೀ."

ಟೆಂಪೊ ಶುರುವಾಯಿತು. ಅವಳು ಹಿಟ್ಟಿನ ಇನ್ನೊಂದು ಮುದ್ದೆ ತೆಗೆದುಕೊಂಡಳು. ಸದ್ದು ಹೊಲಗಳಾಚೆ ಪೂರ್ತಿ ಅಡಗುವವರೆಗೂ ಅದೊಂದನ್ನೇ ಬಡಿಯುತ್ತಿದ್ದಳು, ತೆಳ್ಳಗೆ, ಇನ್ನೂ ತೆಳ್ಳಗೆ, ಎತ್ತಿ ಹಂಚಿಗೆ ಹಾಕಲು ಬಾರದಷ್ಟು.