ಚೌಕಟ್ಟಿನೊಳಗಿನ ಕೈಗಳು

ಏಳು ಸಮುದ್ರದಾಚೆಯ ರಾಜಕುಮಾರಿಯನ್ನು ಬೇಕಾದರೂ ಬರೆದುಕೊಟ್ಟಾಳು, ಕೈಬೆರಳು ಮಾತ್ರ ಕೇಳಬೇಡಿ ಎನ್ನುವಂಥ ಚಿತ್ರಗಾರ್ತಿ ಅವಳು. ಅವಳು ಕಣ್ಣು ಬರೆದರೆ ರೆಪ್ಪೆ ಬಡಿಯಬೇಕು, ಕೂದಲು ಬರೆದರೆ ಗಾಳಿ ಬೀಸಬೇಕು. ಕೈ ಬರೆದರೆ ಮಾತ್ರ ಮೂಲಂಗಿ ಕಟ್ಟು. ಹಾಗಾಗಿ ಅವಳ ಚಿತ್ರಗಳಲ್ಲಿ ಎಲ್ಲರ ಕೈಯೂ ಜೇಬಿನಲ್ಲಿ, ಬೆನ್ನ ಹಿಂದೆ, ಇಲ್ಲವೇ ಚೌಕಟ್ಟಿನ ಆಚೆ. ಇಷ್ಟು ವರ್ಷ ಯಾರೂ ಯಾಕೆಂದು ಕೇಳಿರಲಿಲ್ಲ.

ಕೇಳಿದವಳು ಕಥೆಗಾರ್ತಿ.

ಹದಿಹರೆಯದವರಿಗೆಂದು ಇಬ್ಬರೂ ಸೇರಿ ಒಂದು ಗ್ರಾಫಿಕ್ ಕಾದಂಬರಿ ಮಾಡುತ್ತಿದ್ದರು. ಕಿವಿ ಕೇಳದ ಹುಡುಗಿಯೊಬ್ಬಳು ತನ್ನ ಕ್ಲಾಸಿನ ಗೆಳತಿಯನ್ನು ಪ್ರೀತಿಸುವ ಕಥೆ. ಕಥೆಗಾರ್ತಿಗೂ ಹುಟ್ಟಿನಿಂದ ಕಿವಿ ಕೇಳದು. ಎದುರಿನವರ ತುಟಿ ನೋಡಿ ಮಾತು ಹಿಡಿಯುತ್ತಿದ್ದಳು; ತಾನು ಮಾತಾಡಿದರೆ ತನ್ನದೇ ಒಂದು ರಾಗದಲ್ಲಿ, ನಿಧಾನವಾಗಿ. ಸಿಟ್ಟು ಬಂದರೆ ಮಾತ್ರ ಬಾಯಿ ಮುಚ್ಚಿ ಸನ್ನೆಯಲ್ಲೇ ಬಯ್ಯುವಳು.

ಮೊದಲ ಅಧ್ಯಾಯದ ಪುಟಗಳನ್ನು ಮೇಜಿನ ಮೇಲೆ ಹರಡಿಕೊಂಡು ಆವತ್ತು ಹಾಗೇ ಬಯ್ದಳು. ಚಿತ್ರಗಾರ್ತಿಗೆ ಒಂದೂ ತಿಳಿಯಲಿಲ್ಲ. ಬಯ್ಯುವ ಬೆರಳುಗಳು ಇಷ್ಟು ಚೆಂದ ಇರುತ್ತವೆಯೇ ಎಂದು ಪೆದ್ದಿಯ ಹಾಗೆ ನೋಡುತ್ತ ನಿಂತಳು.

"ನಗ್ತಿದ್ದೀರಾ?" ಕಥೆಗಾರ್ತಿ ಕೊನೆಗೆ ಬಾಯಿಬಿಟ್ಟು ಕೇಳಿದಳು.

"ಅಯ್ಯೋ, ಇಲ್ಲ. ಏನ್ ತಪ್ಪಾಯ್ತು ಹೇಳಿ."

"ನನ್ನ ಹುಡುಗಿ ಮಾತಾಡೋದು ಕೈಯಲ್ಲಿ. ನೀವು ನೋಡಿದ್ರೆ ಪುಟಪುಟದಲ್ಲೂ ಅವಳ ಕೈನ ಜೇಬಿಗೆ ತುರುಕಿದ್ದೀರಿ. ಬಾಯಿಗೆ ಬಟ್ಟೆ ತುರುಕಿದ ಹಾಗೇ ಅಲ್ವಾ ಅದು?"

ಚಿತ್ರಗಾರ್ತಿಯ ಕಿವಿಯ ತುದಿ ಬಿಸಿಯಾಯಿತು. "ನಂಗೆ ಕೈ ಬರೆಯೋಕೆ ಬರಲ್ಲ," ಎಂದಳು, ನೆಲ ನೋಡಿಕೊಂಡು.

"ನೆಲಕ್ಕೆ ಹೇಳಿದ್ರೆ ನಂಗೆ ಹೇಗ್ರೀ ಗೊತ್ತಾಗ್ಬೇಕು?"

ಮುಖವೆತ್ತಿ ಇನ್ನೊಮ್ಮೆ ಹೇಳಬೇಕಾಯಿತು.

ಕಥೆಗಾರ್ತಿ ಹರಡಿದ ಪುಟಗಳನ್ನು ಒಟ್ಟುಮಾಡಿದಳು. "ನಾನು ಸ್ಕೂಲಲ್ಲಿ ಓದಿದ ಪುಸ್ತಕದಲ್ಲೆಲ್ಲ ನನ್ನಂಥವರು ಬಂದ್ರೆ ಕೊನೇ ಪುಟಕ್ಕೆ ಕಿವಿ ಕೇಳ್ತಿತ್ತು, ಇಲ್ಲಾ ಸತ್ತೇ ಹೋಗ್ತಿದ್ರು. ಪ್ರೀತಿ ಮಾಡಿದವಳು ಒಬ್ಬಳೂ ಇಲ್ಲ. ಅದೂ ಒಂದು ಹುಡುಗೀನ. ಇವಳನ್ನ ಕೈ ಇಲ್ಲದೆ ಕಳಿಸೋಕೆ ನನಗೆ ಮನಸ್ಸಿಲ್ಲ. ಕಲೀರಿ. ಆಗಲ್ಲ ಅಂದ್ರೆ ಬೇರೆಯವರಿಗೆ ಕೊಡ್ತೀನಿ."

"ಯಾರ ಕೈ ನೋಡಿ ಕಲೀಲಿ?"

ಕಥೆಗಾರ್ತಿ ಕುರ್ಚಿ ಎಳೆದು ಕೂತು ಅಂಗಿಯ ತೋಳು ಮೇಲಕ್ಕೆ ಮಡಚಿದಳು. "ಇವೆರಡು ಸಾಲದಾ?"

ಅಲ್ಲಿಂದ ಮಧ್ಯಾಹ್ನಗಳೆಲ್ಲ ಚಿತ್ರಗಾರ್ತಿಯ ಮನೆಯ ಕಿಟಕಿಯ ಪಕ್ಕಕ್ಕೇ ಬಂದು ಕೂತವು. ಒಬ್ಬಳು ಸನ್ನೆ ಮಾಡುವಳು, ಇನ್ನೊಬ್ಬಳು ಬರೆದು ಅಳಿಸುವಳು. ಬರೆಯಬೇಕಾದರೆ ಅರ್ಥ ಗೊತ್ತಿರಬೇಕಲ್ಲ. ಹಾಗಾಗಿ ಸನ್ನೆಗಳೂ ಒಂದೊಂದಾಗಿ ಕೈಗೆ ಹತ್ತಿದವು. ಕಥೆಗಾರ್ತಿಯ ಹೆಬ್ಬೆರಳ ಬುಡದಲ್ಲೊಂದು ಪುಟ್ಟ ಮಚ್ಚೆ ಇದೆ ಎಂಬುದೂ ತಿಳಿಯಿತು. 'ನೀವು' ಯಾವಾಗ 'ನೀನು' ಆಯಿತೋ ಇಬ್ಬರಿಗೂ ನೆನಪಿಲ್ಲ.

ಒಂದು ದಿನ ಚಹಾ ತಂದಿಟ್ಟ ಚಿತ್ರಗಾರ್ತಿಯ ಅಜ್ಜಿ ಮೊಮ್ಮಗಳ ಹೆಗಲ ಮೇಲಿಂದ ಬಗ್ಗಿ ನೋಡಿದಳು. "ಏನೇ ಕೂಸೇ, ಆ ಹುಡುಗಿ ಕೈನ ನೋಡೀ ನೋಡೀ ಸವೆಸಿಬಿಡ್ತೀಯ. ಪಾಪ, ಮುಖ ಬರೆಯೋದು ಯಾವಾಗ?"

"ಮುಖ ನೋಡದೇನೇ ಬರೀತೀನಿ ಅಜ್ಜಿ. ಕಣ್ಣು ಮುಚ್ಚಿದ್ರೂ ಕಾಣ್ಸತ್ತೆ."

ಅಂದಮೇಲೆ ನೆನಪಾಯಿತು, ಎದುರಿಗಿದ್ದವಳು ತನ್ನ ತುಟಿಯನ್ನೇ ನೋಡುತ್ತಿದ್ದಾಳೆ. ಕಥೆಗಾರ್ತಿ ಲೋಟ ತುಟಿಗಿಟ್ಟುಕೊಂಡಳು, ಲೋಟದ ಅಂಚಿನ ಮೇಲೆ ಅವಳ ಕಣ್ಣು ಮಾತ್ರ ನಕ್ಕಿತು.

ಕೊನೆಯ ಪುಟಕ್ಕೆ ಚಿತ್ರಗಾರ್ತಿ ತನ್ನ ಜೀವವನ್ನೇ ಸುರಿದಳು. ಇಬ್ಬರು ಹುಡುಗಿಯರು ಎದುರುಬದುರು ನಿಂತು, ಎರಡೂ ಕೈ ಹಿಡಿದುಕೊಂಡಿದ್ದಾರೆ. ಇಪ್ಪತ್ತು ಬೆರಳು, ಒಂದೂ ಮೂಲಂಗಿಯಲ್ಲ.

ಕಥೆಗಾರ್ತಿ ಬಹಳ ಹೊತ್ತು ನೋಡಿದಳು. "ತುಂಬಾ ಚೆನ್ನಾಗಿದೆ ಕಣೇ. ಆದ್ರೆ ಎರಡೂ ಕೈ ಕಟ್ಟಿಹಾಕಿದ್ದೀಯಲ್ಲ, ಇವಳು ಉತ್ತರ ಹೇಳೋದು ಹೇಗೆ?"

ಅಷ್ಟು ದಿನ ಕೈಯನ್ನೇ ಬರೆದವಳಿಗೆ ಅದು ಹೊಳೆದೇ ಇರಲಿಲ್ಲ. "ಉತ್ತರ ಬೇಕಾ?"

"ಕೇಳಿದ್ರೆ ಬೇಕು. ಇಲ್ಲಿ ಯಾರೂ ಏನೂ ಕೇಳೇ ಇಲ್ಲ."

ಕೇಳಿಬಿಟ್ಟರೆ, ಇಲ್ಲ ಎಂದುಬಿಟ್ಟರೆ? ನಾಳೆಯ ಮಧ್ಯಾಹ್ನ ಆ ಕುರ್ಚಿ ಬರಿದಾಗಬಹುದು. ಕೇಳದಿದ್ದರೂ ಪುಸ್ತಕ ಮುಗಿಯಿತು, ಕುರ್ಚಿ ಹೇಗೂ ಬರಿದು. ಚಿತ್ರಗಾರ್ತಿ ಪೆನ್ಸಿಲ್ ಕೆಳಗಿಟ್ಟಳು. ಬೆರಳುಗಳಲ್ಲೇ, ಹೊಸದಾಗಿ ನಡೆಯಲು ಕಲಿತ ಮಗುವಿನಂತೆ ತಡವರಿಸಿ, ಕೇಳಿದಳು: ನಾನು ನಿನ್ನನ್ನು ಪ್ರೀತಿಸುತ್ತೇನೆ. ನೀನು?

ಕೇಳಿ, ಮೇಜಿನಾಚೆ ಕೈ ಚಾಚಿ ಅವಳ ಎಡಗೈಯನ್ನಷ್ಟೇ ಹಿಡಿದಳು. ಬಲಗೈಯನ್ನು ಅವಳಿಗೇ ಬಿಟ್ಟಳು. ಚಾಚಿದ ರಭಸಕ್ಕೆ ಬ್ರಶ್ ಡಬ್ಬಿ ಉರುಳಿ ನೆಲದ ತುಂಬ ಬ್ರಶ್ಶು.

ಬಲಗೈ ಮೇಲೆದ್ದಿತು. ಕಲಿಯುವವಳಿಗೆ ತಪ್ಪದೆ ತಿಳಿಯಲೆಂದು, ನಿಧಾನವಾಗಿ ಹೇಳಿತು: ನಾನೂ.

"ಏನೇ ಅದು ಬಿತ್ತು?" ಒಳಗಿನಿಂದ ಅಜ್ಜಿ ಕೂಗಿದಳು.

"ಬ್ರಶ್ಶು ಅಜ್ಜಿ."

"ತುಳಿದುಬಿಟ್ಟೀಯ, ಎತ್ತಿಡು."

"ಆಮೇಲೆ ಅಜ್ಜಿ," ಎಂದಳು ಚಿತ್ರಗಾರ್ತಿ, ಎದುರಿನವಳಿಗೂ ಕಾಣುವಂತೆ ಮುಖವೆತ್ತಿಕೊಂಡೇ. "ಈಗ ಕೈ ಖಾಲಿ ಇಲ್ಲ."