ಖಾಲಿ ಜಾಗಕ್ಕೆ ಮೊದಲು ಮನೆಯ ಮಾತು

ಒಳಗೆ ಹೋಗಲೇ? ಬೇಡವೇ? ಹೋದರೆ ಮತ್ತೆ ಅದೇ ಮುಖ ನೋಡಬೇಕು... ಹೋಗದಿದ್ದರೆ ಈ ಸಿಟ್ಟನ್ನು ಬೀಜಾಡಿಯ ಮನೆಯವರೆಗೂ ಹೊತ್ತುಕೊಂಡು ಹೋಗಬೇಕು!

ಬ್ರಹ್ಮಾವರದ ಕೋಚಿಂಗ್ ತರಗತಿಯ ಬಾಗಿಲಲ್ಲಿ ಶ್ರೀಲತಾ ನಿಂತೇ ಇದ್ದಳು. ಒಳಗಿನಿಂದ ಇಂಗ್ಲಿಷ್ ಮೇಷ್ಟ್ರು ಶ್ರೀಶನ ದನಿ ಕೇಳುತ್ತಿತ್ತು.

"ಕೊಟ್ಟಿರುವ ಆಯ್ಕೆಗಳನ್ನು ಕೈಯಿಂದ ಮುಚ್ಚಿ. ವಾಕ್ಯವನ್ನು ಕೊನೆಯವರೆಗೆ ಓದಿ. ಬಿಟ್ಟ ಜಾಗಕ್ಕೆ ಮೊದಲು ನಿಮ್ಮ ಮನೆಯ ಮಾತು ಹಾಕಿ. ಆಮೇಲೆ ಕೈ ತೆಗೆದು, ಅದಕ್ಕೆ ಹತ್ತಿರದ ಇಂಗ್ಲಿಷ್ ಪದ ಹುಡುಕಿ."

ಅವಳ ಮೈ ಉರಿಯಿತು. ಇದು ನನ್ನ ಉಪಾಯ!

ಕಳೆದ ತಿಂಗಳು ಕುಂದಾಪುರದ ಬ್ಯಾಚಿನಲ್ಲಿ ಇದೇ ಶ್ರೀಶ ಬೋರ್ಡಿನ ಮೇಲೆ ಬರೆದಿದ್ದ: 'ದ ಪೇಷಂಟ್ ವಾಸ್ ______ ಟು ಟಾಕ್.' ಸರ್ಕಾರಿ ನರ್ಸ್ ಹುದ್ದೆಯ ಪರೀಕ್ಷೆಗೆ ಓದುತ್ತಿದ್ದ ಶ್ರೀಲತಾ ಎದ್ದು ನಿಂತು ಹೇಳಿದ್ದಳು.

"ಪೇಷಂಟಿಗೆ ಬಾಯ್ ಬಿಡುಕೆ ಮನ್ಸಿಲ್ಲೆ ಸರ್! ಹಾಂಗಾರೆ ರಿಲಕ್ಟಂಟ್!"

ಉತ್ತರ ಸರಿಯಾಗಿತ್ತು. ಆದರೆ ತರಗತಿ ಘೊಳ್ಳೆಂದು ನಕ್ಕಿತು. ಶ್ರೀಶ ನಗಲಿಲ್ಲ.

"ಇದು ಇಂಗ್ಲಿಷ್ ತರಗತಿ. ಮೀನು ಮಾರ್ಕೆಟ್ಟಲ್ಲ."

ತೆಕ್ಕಟ್ಟೆಯಲ್ಲಿ ಮೀನು ಮಾರಿಯೇ ಅಮ್ಮ ಜಲಜ ಅವಳನ್ನು ಓದಿಸಿದ್ದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಹಾಗಂದನಲ್ಲ!

ಅವಳಿಗಿಂತ ಒಂದೆರಡು ವರ್ಷ ದೊಡ್ಡವನಷ್ಟೆ. ತರಗತಿ ಮುಗಿದ ಮೇಲೆ ಅವಳ ಬಸ್ಸು ಬರುವವರೆಗೂ ಸುಮ್ಮನೆ ಪಕ್ಕದಲ್ಲಿ ನಿಲ್ಲುತ್ತಿದ್ದ. ಆ ಮೌನದಲ್ಲಿ ಅವಳು ಏನೇನೋ ಓದಿಕೊಂಡಿದ್ದಳು...

ಅಂದಿನಿಂದ ಅವಳು ತರಗತಿಯ ಕಡೆ ತಲೆ ಹಾಕಲಿಲ್ಲ. ಅವನ ಫೋನ್ ಎತ್ತಲಿಲ್ಲ. ಇವತ್ತು ಗೆಳತಿ ರಂಜನಿ ಕರೆ ಮಾಡಿದ್ದಳು. "ನಿನ್ನ ಉಪಾಯವನ್ನೇ ಸರ್ ಬ್ರಹ್ಮಾವರದಲ್ಲಿ ಹೇಳ್ಕೊಡ್ತ್ರಂಬ್ರ್ ಮಾರಾಯ್ತಿ! ನೀನ್ ಮನೆಲಿ ಕೂಕಂಡ್ ಎಂತ ಮಾಡುದು?"

ಶ್ರೀಲತಾ ಬಾಗಿಲು ತಳ್ಳಿದಳು.

"ಹ್ವಾಯ್ ಸರ್! ಅವತ್ತ್ ಮೀನ್ ಮಾರ್ಕೆಟ್, ಇವತ್ತ್ ನಿಮ್ಮ ಪಾಠವಾ? ನಾಚ್ಕೆ ಆತಿಲ್ಯಾ ನಿಮ್ಗೆ?"

ತಲೆಗಳೆಲ್ಲ ತಿರುಗಿದವು. ಶ್ರೀಶನ ಕೈಯಲ್ಲಿದ್ದ ಮಾರ್ಕರ್ ಅಲ್ಲೇ ನಿಂತಿತು.

"ಶ್ರೀಲತಾ... ಹೊರಗೆ ಮಾತಾಡೋಣ."

"ಹೊರಗೆ ಎಂತಕೆ? ನನ್ನ ಮರ್ಯಾದಿ ತೆಗ್ದದ್ದ್ ಎಲ್ಲರೆದ್ರಿಗೆ!"

ಮುಂದಿನ ಬೆಂಚಿನ ಕೌಶಲ್ ಕಣ್ಣರಳಿಸಿದ. "ಇವ್ರೇ ಆ ಶ್ರೀಲತಾ ಅಕ್ಕನಾ ಸರ್? 'ಈ ಉಪಾಯ ನಂದಲ್ಲ, ಅವರದ್ದು' ಅಂದ್ರಲ್ಲ ನೀವ್?"

ಶ್ರೀಲತಾ ಕೌಶಲ್ ಕಡೆ ತಿರುಗಿದಳು. ಹಾಗಾದರೆ ಕದ್ದಿರಲಿಲ್ಲವೇ? ಮರುಕ್ಷಣವೇ ಸಿಟ್ಟು ಇಮ್ಮಡಿಸಿತು.

"ಇವರಿಗೆ ಹೇಳಿದ್ರಿ. ನಂಗೆ?"

ಶ್ರೀಶ ತಲೆ ತಗ್ಗಿಸಿದ. ಆಮೇಲೆ, ಆ ತರಗತಿಯಲ್ಲಿ ಯಾರೂ ಅವನ ಬಾಯಲ್ಲಿ ಕೇಳಿರದ ಕುಂದಾಪ್ರ ಕನ್ನಡದಲ್ಲಿ ಹೇಳಿದ.

"ತಪ್ಪಾಯ್ತ್. ನಾನೂ ಕೋಟದವ್ನೇ. ನಮ್ಮನೆಲಿ ಮಾತಾಡುದೂ ಹೀಂಗೇ. ಕಾಲೇಜಲ್ಲಿ ಎಲ್ಲ ನಗಾಡಿರ್, ಅದ್ಕೆ ಬಾಯಿಗೆ ಬೀಗ ಹಾಕಂಡೆ. ನೀವ್ ಹೆದ್ರದೆ ಮಾತಾಡ್ದಾಗ ನಂಗೆ ನನ್ನ ಮೇಲೇ ಸಿಟ್ಟ್ ಬಂತ್."

"ಪೆಟ್ಟ್ ಬಿದ್ದದ್ದ್ ನಂಗೆ ಅಲ್ದಾ?"

"ಹೌದ್."

ಅಷ್ಟೇ. ಬೇರೆ ನೆಪ ಹೇಳಲಿಲ್ಲ. ಅವಳ ಕಣ್ಣು ತುಂಬಿತು. ಸಿಟ್ಟು ಮಾತ್ರ ಇಳಿಯಲಿಲ್ಲ. ಅವನ ಕೈಯಿಂದ ಮಾರ್ಕರ್ ಕಿತ್ತುಕೊಂಡು ಬೋರ್ಡಿನ ಕಡೆ ತಿರುಗಿದಳು.

"ಕಾಣಿ, ಮನೆ ಮಾತ್ ಹಾಕಿರೆ ಅರ್ಧ ಕೆಲ್ಸ ಅಷ್ಟೇ. ಹಿಂದೆ ಮುಂದೆ ಇಪ್ಪ ಪದಕ್ಕೆ ಅದ್ ಹೊಂದತ್ತಾ ಅಂತ ಕಾಣ್ಕ್. ಅದನ್ನ ನಂಗೆ ಕಲ್ಸಿದ್ದ್..." ಹಿಂದೆ ತಿರುಗದೆಯೇ ಹೇಳಿದಳು. "ಇವ್ರೇ."

ಸಂಜೆ ಹೆದ್ದಾರಿಯ ಬಸ್ ನಿಲ್ದಾಣದಲ್ಲಿ ಅವನು ಮತ್ತೆ ಪಕ್ಕದಲ್ಲಿ ನಿಂತಿದ್ದ.

"ನಾಳೆಯಿಂದ ಕ್ಲಾಸಿಗೆ ಬತ್ರ್ಯಾ?"

"ಬತ್ತೆ. ಪರೀಕ್ಷೆ ಪಾಸ್ ಆಪುಕೆ. ನಿಮ್ಗೋಸ್ಕರ ಅಲ್ಲ!"

"ಸಿಟ್ಟ್ ಹೋಯ್ತಾ?"

"ಇಲ್ಲೆ. ಅದೆಲ್ಲ ಅಷ್ಟ್ ಬೇಗ ಹೋತಿಲ್ಲೆ."

"ಅಡ್ಡಿಲ್ಲೆ. ಇರ್ಲಿ."

ಕುಂದಾಪುರದ ಬಸ್ಸು ಬಂತು. ಅವಳು ಹತ್ತಿ ಕಿಟಕಿಯ ಬಳಿ ಕೂತಳು. ಮುಖ ಇನ್ನೂ ಗಂಟಿಕ್ಕಿಕೊಂಡೇ ಇತ್ತು.

"ಹ್ವಾಯ್..."

ಅವನು ಕಿಟಕಿಯ ಹತ್ತಿರ ಬಂದ.

"ನಿಮ್ಗೋಸ್ಕರವೂ ಬತ್ತೆ. ನಂಗೆ ನೀವಂದ್ರೆ ಅಷ್ಟ್ ಇಷ್ಟ. ಅದ್ಕೇ ಅಷ್ಟ್ ಸಿಟ್ಟ್!"

ಶ್ರೀಶ ಕಿಟಕಿಯ ಸರಳು ಹಿಡಿದಿದ್ದ ಅವಳ ಬೆರಳುಗಳ ಮೇಲೆ ಕೈಯಿಟ್ಟ. ಬಾಯಿ ತೆರೆದ. ಬಸ್ಸು ಹೊರಟಿತು.

ನಿನ್ನನ್ನು ಪ್ರೀತಿಸುತ್ತೇನೆ ಎಂದು ಅವನು ಅಂದು ಹೇಳಲಿಲ್ಲ. ಅವರಿಬ್ಬರ ಮದುವೆಯಾದ ಮೇಲೂ ಹೇಳಲಿಲ್ಲ; ಅವಳ ಬಸ್ಸು ಬರುವವರೆಗೂ ಪಕ್ಕದಲ್ಲಿ ನಿಲ್ಲುವುದನ್ನು ಮಾತ್ರ ಬಿಡಲಿಲ್ಲ.