ಮೊದಲ ಸಾಲಿನ ಹೆಸರು

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಕಾಲೇಜಿನ ಕಂಪ್ಯೂಟರ್ ವಿಭಾಗದ ಮುಖ್ಯಸ್ಥರು ಠಾಣೆಗೆ ಬಂದರು. ಅವರಿಗಿಂತ ಮೊದಲು ಅವರ ಫೋನಿನ ಸದ್ದು ಒಳಗೆ ಬಂತು. ದೂರು ಬರೆದು ಮುಗಿಸುವವರೆಗೂ ಅದು ಬಾಯಿ ಮುಚ್ಚಲಿಲ್ಲ.

ರಕ್ತ ಬೇಕಾದವರಿಗೆ ದಾನಿಗಳನ್ನು ಹುಡುಕಿಕೊಡುವ ವೆಬ್‌ಸೈಟೊಂದನ್ನು ವಿಭಾಗದ ವಿದ್ಯಾರ್ಥಿಗಳು ಪ್ರಾಜೆಕ್ಟಾಗಿ ನಡೆಸುತ್ತಿದ್ದರು. ಊರಿನ ಆಸ್ಪತ್ರೆಗಳು ಅದನ್ನೇ ನೆಚ್ಚಿದ್ದವು. ಶನಿವಾರದಿಂದ ಯಾವ ದಾನಿಯನ್ನು ಹುಡುಕಿದರೂ ಬರುತ್ತಿದ್ದದ್ದು ಮುಖ್ಯಸ್ಥರ ಹೆಸರು, ಮುಖ್ಯಸ್ಥರ ನಂಬರು.

"ಅಂದರೆ ಇಡೀ ಊರಿಗೆ ನೀವೊಬ್ಬರೇ ರಕ್ತ ಕೊಡಬೇಕು," ಎಂದರು ಇನ್‌ಸ್ಪೆಕ್ಟರ್.

"ತಮಾಷೆ ಅಲ್ಲ ಸರ್. ಕಣ್ಣು ಮುಚ್ಚೋಕೆ ಬಿಡ್ತಿಲ್ಲ."

ಫೋನು ಮತ್ತೆ ಬಡಕೊಂಡಿತು. ಈ ಸಲ ಇನ್‌ಸ್ಪೆಕ್ಟರೇ ಎತ್ತಿದರು.

"ಅಣ್ಣಾ, ಕಾಲಿಗೆ ಬೀಳ್ತೀನಿ, ಇಡಬೇಡಿ," ಎಂದಿತು ಒಂದು ಗಂಡು ದನಿ. "ಹೆಂಡ್ತಿಗೆ ಮಧ್ಯಾಹ್ನ ಹೆರಿಗೆ ಆಪರೇಷನ್. ಬಿ ನೆಗೆಟಿವ್ ಬೇಕು. ಯಾರಿಗೆ ಮಾಡಿದ್ರೂ ನೀವೇ ಸಿಗ್ತೀರಿ."

ಇನ್‌ಸ್ಪೆಕ್ಟರ್ ಅವನ ನಂಬರು ಬರೆದುಕೊಂಡರು. ಆಮೇಲೆ ತಮಾಷೆ ಮಾಡಲಿಲ್ಲ. ಎಫ್‌ಐಆರ್ ದಾಖಲಾಯಿತು.

ಲ್ಯಾಬಿನಲ್ಲಿ ಪಂಚನಾಮೆ ನಡೆಯುವಾಗ ಹುಡುಗರು ಗೋಡೆಗೆ ಅಂಟಿಕೊಂಡು ನಿಂತಿದ್ದರು. ಸೈಬರ್ ವಿಭಾಗದ ಮಹಿಳಾ ಪೇದೆ ಪರದೆಯಿಂದ ತಲೆ ಎತ್ತಿದಳು.

"ಹೊರಗಿಂದ ಯಾರೂ ನುಗ್ಗಿಲ್ಲ ಸರ್. ಕೀಟಲೆ ಕೋಡಿನೊಳಗೇ ಇದೆ. ಈ ಪದ ನೋಡಿ, ಸಾಲುಸಾಲಿಗೂ ಬರುತ್ತೆ."

ಇಂಗ್ಲಿಷ್ ಅಕ್ಷರಗಳನ್ನು ಇನ್‌ಸ್ಪೆಕ್ಟರ್ ಕೂಡಿಸಿ ಓದಿದರು. ಮುಖ್ಯಸ್ಥರ ಕಡೆ ತಿರುಗಿದರು.

"ಕೋಡ್ ಬರೆದದ್ದು ಯಾರು?"

"ನಾನೇ. ಹುಡುಗರಿಗೆ ಕೊಟ್ಟದ್ದೂ ನಾನೇ."

"ಈ ಪದ ಏನು?"

"ಅದು... ಸಮ್‌ನೀ. ತಾಂತ್ರಿಕ ಪದ. ನಿಮಗೆ ಹೇಳಿದರೆ ಅರ್ಥ ಆಗಲ್ಲ."

ಗೋಡೆಯ ಕಡೆಯಿಂದ ಯಾರೋ ನಗು ನುಂಗಿದ ಸದ್ದು ಬಂತು.

"ಅದು 'ಸುಮ್ನೆ' ಸರ್," ಎಂದಳು ಪೇದೆ. "ಸ್ವಲ್ಪ ಹೊತ್ತಿಗೆ ಏನಾದರೂ ಇಟ್ಟುಕೊಳ್ಳೋಕೆ ಒಂದು ಹೆಸರು ಬೇಕಾಗುತ್ತೆ. ಬೇರೆಯವರು 'ಟೆಂಪ್' ಅಂತ ಬರೀತಾರೆ. ಈ ಪುಣ್ಯಾತ್ಗಿತ್ತಿ 'ಸುಮ್ನೆ' ಅಂದಿದ್ದಾಳೆ."

"ಗಿತ್ತಿ?"

ಎಲ್ಲರಿಗೂ ತೆರೆದಿಟ್ಟ ಕೋಡುಗಳ ತಾಣದಲ್ಲಿ ಪೇದೆ ಆಗಲೇ ಆ ಪದ ಹುಡುಕಿದ್ದಳು. ಅಲ್ಲಿ ಇದೇ ಕೋಡು ಇತ್ತು. ಮೊದಲ ಸಾಲಿನಲ್ಲಿ ಒಬ್ಬ ಹೆಣ್ಣುಮಗಳ ಹೆಸರು, ಅದರಡಿ ಒಂದೇ ಶರತ್ತು: ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಿ, ಈ ಸಾಲನ್ನು ಮಾತ್ರ ಅಳಿಸಬೇಡಿ. ಮುಖ್ಯಸ್ಥರ ಪ್ರತಿಯಲ್ಲಿ ಆ ಸಾಲು ಇರಲಿಲ್ಲ.

"ನಿಮ್ಮ ವಿದ್ಯಾರ್ಥಿನಿಯಾ ಇವಳು?"

"ಎಷ್ಟೋ ಜನ ಓದಿ ಹೋಗಿದಾರೆ. ಎಲ್ಲರ ಹೆಸರು ನೆನಪಿರುತ್ತಾ?"

ಒಬ್ಬ ಹುಡುಗ ಮೆಲ್ಲಗೆ ಬಾಯಿಬಿಟ್ಟ. "ಎದುರಿನ ಝೆರಾಕ್ಸ್ ಅಂಗಡಿ ಅಕ್ಕ ಸರ್. ಇಲ್ಲೇ ಓದ್ತಿದ್ರು, ನಡುವೆ ಬಿಟ್ರು."

ಅಂಗಡಿಯಲ್ಲಿ ಬಿಸಿ ಕಾಗದದ ವಾಸನೆ. ಅವಳು ಪ್ರಾಜೆಕ್ಟ್ ವರದಿಯೊಂದಕ್ಕೆ ಸುರುಳಿ ತಂತಿ ಸೇರಿಸುತ್ತಿದ್ದಳು. ಪೊಲೀಸರನ್ನು ಕಂಡು ಬೆಚ್ಚಲಿಲ್ಲ.

"ಕಾಲೇಜು ಯಾಕೆ ಬಿಟ್ಟೆ?"

"ಮುಖ್ಯಸ್ಥರೇ ಬಿಡಿಸಿದ್ರು. ವೈವಾದಲ್ಲಿ ಎಲ್ಲರೆದುರು, 'ಎಲ್ಲಿಂದ ನಕಲು ಹೊಡೆದೆ?' ಅಂದ್ರು. ನಾನೇ ಬರೆದೆ ಅಂದೆ. ನಕ್ಕರು. ಫೇಲ್." ಯಂತ್ರ ಇನ್ನೊಂದು ಹಾಳೆ ಉಗುಳಿತು. "ಈಗ ನಿಜವಾಗ್ಲೂ ನಕಲು ಹೊಡೆದೇ ಊಟ ಮಾಡ್ತಿದೀನಿ."

"ಆಮೇಲೆ?"

"ಅವರದೇ ವರದಿ ಬೈಂಡಿಂಗಿಗೆ ಬಂತು. ಮೇಲೆ ಅವರ ಹೆಸರು, ಒಳಗೆ ವೈವಾದಲ್ಲಿ ಕೊಟ್ಟ ನನ್ನದೇ ಕೋಡು, ನನ್ನ ಸುಮ್ನೆ. ಕೋಡನ್ನ ಹೊಸದಾಗಿ ತಿದ್ದಿ ತಾಣಕ್ಕೆ ಬಿಟ್ಟೆ. ನನ್ನ ಹೆಸರು ಇದ್ರೆ ಏನೂ ಆಗಲ್ಲ. ಅಳಿಸಿದ್ರೆ ಪಟ್ಟಿ ತುಂಬ ಅವರ ಹೆಸರೇ. ಎತ್ಕೊಳ್ತಾರೆ ಅಂತ ಗೊತ್ತಿತ್ತು. ಓದಲ್ಲ ಅಂತಾನೂ ಗೊತ್ತಿತ್ತು. ಹೆಸರಿನ ಹಸಿವು ಅಲ್ವಾ? ಹೊಟ್ಟೆ ಬಿರಿಯೋ ಹಾಗೆ ತಿನ್ನಲಿ."

ಇನ್‌ಸ್ಪೆಕ್ಟರ್ ಬರೆದುಕೊಂಡಿದ್ದ ನಂಬರಿಗೆ ಕರೆ ಮಾಡಿ, ಸ್ಪೀಕರ್ ಹಾಕಿ ಫೋನನ್ನು ಅವಳ ಮುಂದಿಟ್ಟರು.

"ಅಣ್ಣಾ, ಯಾರಾದ್ರೂ ಸಿಕ್ಕಿದ್ರಾ? ಒಳಗೆ ಕರ್ಕೊಂಡು ಹೋಗ್ತಿದಾರೆ..."

ಅವಳ ಕೈಯಿಂದ ತಂತಿ ಜಾರಿತು. "ಇದು ನನ್ನ ತಲೆಗೆ ಹೊಳೀಲೇ ಇಲ್ಲ," ಎಂದಳು. "ಪಟ್ಟಿ ಅಳಿಸಿಲ್ಲ ಸರ್, ಮುಚ್ಚಿಟ್ಟಿದೀನಿ. ಮೊದಲ ಸಾಲು ವಾಪಸ್ ಹಾಕಿದ್ರೆ ಸಾಕು. ನಡೀರಿ, ನಾನೇ ಹಾಕ್ತೀನಿ."

"ನೀನು ಇನ್ನು ಮುಟ್ಟೋ ಹಾಗಿಲ್ಲ. ಅಳಿಸಿದವರೇ ಹಾಕಲಿ."

ಲ್ಯಾಬಿನಲ್ಲಿ ಮುಖ್ಯಸ್ಥರು ಕೀಲಿಮಣೆಯ ಮುಂದೆ ಕೂತರು. ಬೆರಳುಗಳು ಗಾಳಿಯಲ್ಲೇ ನಿಂತವು.

"ಹೆಸರು... ಏನಂದ್ರಿ?"

ಪೇದೆಯ ಪಕ್ಕ ನಿಂತಿದ್ದ ಅವಳು ಒಂದೊಂದೇ ಅಕ್ಷರ ಹೇಳಿದಳು. ಅವರು ನಡುವೆ ಎಡವಿದರು.

"ತಪ್ಪು. ಮೊದಲಿಂದ," ಎಂದಳು.

ಎರಡನೆಯ ಸಲ ಸರಿಯಾಯಿತು. ಪರದೆಯ ಮೇಲೆ ದಾನಿಗಳ ಹೆಸರುಗಳು ಒಂದರ ಹಿಂದೊಂದು ಮರಳಿದವು. ಪೇದೆ ಬಿ ನೆಗೆಟಿವ್ ನಂಬರುಗಳಿಗೆ ಕರೆ ಮಾಡುತ್ತ ಹೋದಳು. ಮೂರನೆಯವನು "ಹತ್ತಿರದಲ್ಲೇ ಇದೀನಿ, ಹೊರಟೆ" ಅಂದ.

ಸಂಜೆ ಠಾಣೆಯಲ್ಲಿ ಬಂಧನದ ಕಾಗದಗಳಿಗೆ ಹುಡುಗಿ ಸಹಿ ಹಾಕಿದಳು.

"ಬಿ ನೆಗೆಟಿವ್ ಅವರು?" ಎಂದು ಕೇಳಿದಳು.

"ಉಳಿದರು. ಮಗು ಕೂಡ." ಇನ್‌ಸ್ಪೆಕ್ಟರ್ ಒಂದು ಖಾಲಿ ಹಾಳೆ ಅವಳತ್ತ ಸರಿಸಿದರು. "ಹೆಸರು ಅಳಿಸಿದ್ದಕ್ಕೆ ನಿನ್ನದೂ ಒಂದು ದೂರು ಬರೆದುಕೊಡು. ವರದಿ ಕಂಡ ದಿನವೇ ನಮ್ಮಲ್ಲಿಗೆ ಬಂದಿದ್ದರೆ ಇಷ್ಟೆಲ್ಲ ಆಗ್ತಿರಲಿಲ್ಲ."

"ಆಗ ನಂಬ್ತಿದ್ರಾ ಸರ್?"

ಅವರು ಹಾಳೆಯ ಮೇಲೆ ತಮ್ಮ ಪೆನ್ನು ಇಟ್ಟರು.

"ಕಾರಣ ಅನ್ನೋ ಕಡೆ ಏನು ಬರೀಲಿ?" ಹೇಳಿಕೆ ಬರೆದುಕೊಳ್ಳುತ್ತಿದ್ದ ಪೇದೆ ಕೇಳಿದಳು.

ಹುಡುಗಿ ಆಗಲೇ ಖಾಲಿ ಹಾಳೆಯ ಮೊದಲ ಸಾಲಿನಲ್ಲಿ ತನ್ನ ಹೆಸರು ಬರೆಯುತ್ತಿದ್ದಳು. ತಲೆ ಎತ್ತದೆ ಹೇಳಿದಳು:

"ಸುಮ್ನೆ ಮಾಡಲಿಲ್ಲ ಅಂತ ಬರೀರಿ."